ಹನ್ನೊಂದು ಸಾವಿರ ಯೂರೋ ಇದ್ದೂ ಬಾಡಿಗೆಗೆ ದುಡ್ಡಿಲ್ಲ: ಒಂದು ಪ್ರಕರಣ

ಇದು ನಮ್ಮ ಅಕ್ಕನ ಮಗಳ ಪ್ರಕರಣ. ಹೊಸನಗರ ತಾಲ್ಲೂಕಿನ ಹಳ್ಳಿ ಹುಡುಗಿ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿ, 2024ರ ಸೆಪ್ಟೆಂಬರ್ ಕೊನೆಗೆ ಎಂ.ಎಸ್ಸಿ. ಓದಲು ಜರ್ಮನಿಗೆ ಹೋದಳು. ಪಾಠ, ಭಾಷೆ, ಚಳಿ ಯಾವುದೂ ಅಂಥ ಕಾಟ ಕೊಡಲಿಲ್ಲ. ಆದರೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವಳ ಕೈಯಲ್ಲಿ ನೂರು ಯೂರೋ ಉಳಿದಿತ್ತು. ನಾಲ್ಕು ದಿನದಲ್ಲಿ 330 ಯೂರೋ ಬಾಡಿಗೆ ಕೊಡಬೇಕಿತ್ತು. ಅವಳದೇ ಹೆಸರಿನ ಖಾತೆಯಲ್ಲಿ ಹನ್ನೊಂದು ಸಾವಿರಕ್ಕೂ ಜಾಸ್ತಿ ಯೂರೋ ಇತ್ತು. ಅದರಿಂದ ಒಂದು ಕಾಸೂ ತೆಗೆಯುವ ಹಾಗಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ತೆರಿಗೆ ಲೆಕ್ಕ ಬರೆಯುವವನು. ಹಾಗಾಗಿ ಮನೆಯಲ್ಲಿ ಯಾರಿಗೆ ಕಾಗದಪತ್ರದ ತಲೆಬಿಸಿ ಬಂದರೂ ಫೋನು ನನಗೇ ಬರುತ್ತದೆ. ಇದನ್ನು ಬರೀಲಾ ಅಂತ ಅವಳನ್ನು ಕೇಳಿದೆ. "ಹೆಸರು ಒಂದು ಹಾಕ್ಬೇಡಿ ಮಾವ, ಉಳಿದದ್ದು ಬರೀರಿ" ಅಂದಳು.

ಹೋಗುವ ಮುಂಚೆ

ಭಾವನದು ಎರಡೂವರೆ ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಮೊದಲಿನ ಹಾಗಿಲ್ಲ. ಜರ್ಮನಿಯೇ ಆಗಲಿ ಅಂತ ತೀರ್ಮಾನವಾದದ್ದು ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎಂಬ ಕಾರಣಕ್ಕೆ. ಸೆಮಿಸ್ಟರಿಗೆ ಇಷ್ಟು ಅಂತ ಸಣ್ಣ ಮೊತ್ತ ಕಟ್ಟಿದರೆ ಆಯಿತು. ಆದರೆ ಒಂದು ವರ್ಷ ಬದುಕಲು ದುಡ್ಡಿದೆ ಎಂದು ವೀಸಾಕ್ಕೆ ಮೊದಲೇ ತೋರಿಸಬೇಕು. ಅದಕ್ಕೇ ಬ್ಲಾಕ್ಡ್ ಅಕೌಂಟ್. ಅವಳು ವೀಸಾ ಅರ್ಜಿ ಹಾಕುವಾಗ ಆ ಮೊತ್ತ 11,208 ಯೂರೋ ಇತ್ತು, ಆಗಿನ ದರದಲ್ಲಿ ಸುಮಾರು ಹತ್ತು ಲಕ್ಷ ರೂಪಾಯಿ. ಆ ವರ್ಷದ ಸೆಪ್ಟೆಂಬರಿನಿಂದ ಅದನ್ನು 11,904ಕ್ಕೆ ಏರಿಸಿದರು. ಈ ದುಡ್ಡನ್ನು ಒಟ್ಟಿಗೆ ಕೊಡುವುದಿಲ್ಲ. ತಿಂಗಳಿಗೆ ಹನ್ನೆರಡರಲ್ಲಿ ಒಂದು ಭಾಗ, ಅಂದರೆ ಅವಳ ಲೆಕ್ಕಕ್ಕೆ 934 ಯೂರೋ, ಬಿಡುಗಡೆ ಆಗುತ್ತದೆ. ಅದು ಹೋಗಿ ಬೀಳಲು ವಿದ್ಯಾರ್ಥಿಯ ಹೆಸರಲ್ಲಿ ಅಲ್ಲಿ ಮಾಮೂಲಿ ಬ್ಯಾಂಕ್ ಖಾತೆ ಇರಬೇಕು. ಈ ಕೊನೆಯ ಮಾತು ನೆನಪಿನಲ್ಲಿರಲಿ.

ಸಾಲಕ್ಕೆ ಓಡಾಡಿದ್ದು ಬೇರೆಯೇ ಕಥೆ. ತೋಟದ ಜಮೀನನ್ನು ಅನೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಒತ್ತೆಯಾಗಿ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಅಕ್ಕನ ಹೆಸರಿನಲ್ಲಿ ಶಿವಮೊಗ್ಗದಲ್ಲಿದ್ದ ಒಂದು ಸೈಟು ಕೈಹಿಡಿಯಿತು. ಇಲ್ಲಿನ ಅಂಕಪಟ್ಟಿಗಳು ಸಾಚಾ ಎನ್ನುವ ಎ.ಪಿ.ಎಸ್. ಪ್ರಮಾಣಪತ್ರ 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಕಡ್ಡಾಯ. ಅದೂ ಆಯಿತು. ವೀಸಾಕ್ಕೆ ಬೆಂಗಳೂರಿಗೆ ರೈಲು ಹತ್ತಿದ್ದೂ ಆಯಿತು. ವೀಸಾ ಬಂದ ದಿನ ಅಕ್ಕ ಊರಿಗೆಲ್ಲ ಸಿಹಿ ಹಂಚಿದಳು.

ನನ್ನ ಲೆಕ್ಕದಲ್ಲಿ ಎಡವಟ್ಟಿಗೆ ಬೀಜ ಬಿದ್ದದ್ದು ಅಲ್ಲೇ. ಆರು ತಿಂಗಳ ಓಡಾಟವೆಲ್ಲ ವೀಸಾ ಎಂಬ ಒಂದೇ ಚೀಟಿಯ ಮೇಲೆ ನಿಂತಿತ್ತು. ವಿಮಾನ ಇಳಿದ ಮೇಲಿನ ಆರು ವಾರದ ಬಗ್ಗೆ ಕಡತದಲ್ಲಿ ಒಂದು ಹಾಳೆಯೂ ಇರಲಿಲ್ಲ. ಸೂಟ್‌ಕೇಸಿನ ಬಗ್ಗೆ ಮಾತ್ರ ಭಾರೀ ಚರ್ಚೆ ನಡೆಯಿತು. ತುಪ್ಪದಂಥ ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ ಎಂದು ಹೇಳಿ ಮನೆ ತುಪ್ಪದ ಡಬ್ಬಿ ತೆಗೆಸಿದ್ದಕ್ಕೆ ಅಕ್ಕ ಇವತ್ತಿಗೂ ನನ್ನ ಮೇಲೆ ಮುನಿಸು ಇಟ್ಟುಕೊಂಡಿದ್ದಾಳೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಅವಳ ಜೊತೆಗೆ ಹೋಯಿತು.

ರೂಮು

ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿದ್ದಳು. ಕಾಯುವ ಪಟ್ಟಿ ಉದ್ದ ಇತ್ತು. ಅಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಎಲ್ಲರಿಗೂ ಒಟ್ಟಿಗೇ ಮನೆ ಬೇಕು. ಆಗ ಒಂದು ಜಾಹೀರಾತು ಸಿಕ್ಕಿತು. ಮೂರು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದ ಒಬ್ಬ, ಅದರಲ್ಲಿ ಒಂದು ಕೋಣೆಯನ್ನು ಇವಳಿಗೆ ಒಳಬಾಡಿಗೆಗೆ ಕೊಡಲು ಒಪ್ಪಿದ. ತಿಂಗಳಿಗೆ 330 ಯೂರೋ, ಎರಡು ತಿಂಗಳ ಬಾಡಿಗೆ ಅಡ್ವಾನ್ಸ್. ಮೆಸೇಜಿನ ಕೊನೆಯಲ್ಲಿ ಒಂದು ಸಾಲು ಇತ್ತು: ಈ ವಿಳಾಸದಲ್ಲಿ ನೋಂದಣಿ ಮಾಡಿಕೊಳ್ಳಲು ಆಗುವುದಿಲ್ಲ.

ಶಿವಮೊಗ್ಗದಲ್ಲಿ ಕುಳಿತು ಓದಿದರೆ ಅದು ಏನೂ ಅಲ್ಲ. ನಮ್ಮಲ್ಲಿ ಬಾಡಿಗೆ ಮನೆಗೆ ಹೋದವರು ಯಾವ ಕಚೇರಿಗೆ ಹೋಗಿ ನೋಂದಣಿ ಮಾಡಿಸುತ್ತಾರೆ? ಜರ್ಮನಿಯಲ್ಲಿ ಹಾಗಲ್ಲ. ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಲೇಬೇಕು. ಅಲ್ಲಿ ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ತಡಮಾಡಿದರೆ ಸಾವಿರ ಯೂರೋವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಸುಮ್ನೆ ಹೋಗಿ ವಿಳಾಸ ಹೇಳಿದರೆ ಸಾಲದು. ಇವರು ಇಲ್ಲಿ ಇರುವುದು ನಿಜ ಎಂದು ಮನೆ ಕೊಟ್ಟವರು ಸಹಿ ಹಾಕಿದ ಚೀಟಿ ಬೇಕು. 2015ರ ನವೆಂಬರಿನಿಂದ ಈ ನಿಯಮ ಇದೆ. ಆ ಚೀಟಿಗೆ ಜರ್ಮನ್‌ನಲ್ಲಿ ಒಂದು ಮಾರುದ್ದದ ಹೆಸರು. ನಾವು ಮನೆಯಲ್ಲಿ "ಓನರ್ ಚೀಟಿ" ಅಂತಲೇ ಕರೆದೆವು.

ಆ ಮನುಷ್ಯ ಚೀಟಿ ಕೊಡದಿರಲು ಕಾರಣ ಸರಳ. ಒಳಬಾಡಿಗೆಗೆ ಕೊಡಬೇಕಾದರೆ ನಿಜವಾದ ಮಾಲೀಕರ ಒಪ್ಪಿಗೆ ಬೇಕು. ಅವನು ಕೇಳಿರಲಿಲ್ಲ. ಚೀಟಿಗೆ ಸಹಿ ಹಾಕಿದರೆ ಅವನ ಗುಟ್ಟು ರಟ್ಟಾಗುತ್ತಿತ್ತು.

ಇವಳು ಒಪ್ಪಿಕೊಂಡಳು. ಬೇರೆ ರೂಮು ಇರಲಿಲ್ಲ, ವಿಮಾನದ ಟಿಕೆಟ್ ಆಗಿತ್ತು. 660 ಯೂರೋ ಅಡ್ವಾನ್ಸ್ ಕೈಗೇ ಕೊಟ್ಟಳು. ರಶೀದಿ ಇಲ್ಲ, ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಬಂತು ಅಷ್ಟೆ.

ಒಂದಕ್ಕೊಂದು ಕೊಂಡಿ

ಮುಂದೆ ನಡೆದದ್ದನ್ನು ಭಾವನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಬ್ಯಾಂಕಿನ ಶಾಖೆಗೆ ಹೋದಳು, ಅವರು ವಿಳಾಸ ನೋಂದಣಿಯ ಕಾಗದ ಕೇಳಿದರು. ನೋಂದಣಿಗೆ ಓನರ್ ಚೀಟಿ ಬೇಕು. ಓನರ್ ಚೀಟಿ ಇಲ್ಲ. ಬ್ಯಾಂಕ್ ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟಿನವರು 934 ಯೂರೋ ಬಿಡುವುದಿಲ್ಲ. ಆ ದುಡ್ಡು ಇಲ್ಲದೆ ಬೇರೆ ಮನೆ ಹಿಡಿಯಲು ಅಡ್ವಾನ್ಸ್ ಇಲ್ಲ. "ದುಡ್ಡು ನಮ್ಮದು ಹೌದೋ ಅಲ್ವೋ?" ಅಂತ ಭಾವ ಕೇಳುತ್ತಲೇ ಇದ್ದರು. ಹೌದು, ನಮ್ಮದೇ.

ಇನ್ನೊಂದು ಬ್ಯಾಂಕು ಪಾಸ್‌ಪೋರ್ಟ್ ಮತ್ತು ವಿಶ್ವವಿದ್ಯಾಲಯದ ದಾಖಲಾತಿ ಪತ್ರ ನೋಡಿ ಖಾತೆ ತೆರೆಯಲು ಒಪ್ಪಿತು. ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ ಅಂಚೆಗೆ ಬರುತ್ತದೆ ಎಂದರು. ಕಾದಳು. ಬರಲಿಲ್ಲ. ವಿಚಾರಿಸಿದರೆ ಎರಡೂ ವಾಪಸ್ ಹೋಗಿದ್ದವು.

ಇದು ನಮ್ಮ ಕಡೆಯವರಿಗೆ ಹೊಳೆಯುವುದೇ ಇಲ್ಲ. ನಮ್ಮೂರಿಗೆ ಬರುವ ಕಾಗದಕ್ಕೆ ಅಪ್ಪನ ಹೆಸರು, ಊರು, ಅಂಚೆ, ತಾಲ್ಲೂಕು ಬರೆದರೆ ಸಾಕು. ಪೋಸ್ಟ್‌ಮನ್ ಮೂರು ತಲೆಮಾರು ಬಲ್ಲವನು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಗೆ ಕೊಟ್ಟು ಹೋಗುತ್ತಾನೆ. ಅಲ್ಲಿ ಮನೆಗೆ ನಂಬರ್ ಇದ್ದರೂ ಫ್ಲಾಟಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಕೆಳಗಿನ ಅಂಚೆಪೆಟ್ಟಿಗೆಯ ಮೇಲೆ ಇರುವ ಹೆಸರೇ ವಿಳಾಸ. ಹೆಸರು ಇಲ್ಲ ಅಂದರೆ ಆ ಮನುಷ್ಯ ಅಲ್ಲಿ ಇಲ್ಲ, ಕಾಗದ ವಾಪಸ್. ಇವಳು ಒಂದು ಚೀಟಿಯಲ್ಲಿ ತನ್ನ ಹೆಸರು ಬರೆದು ಪೆಟ್ಟಿಗೆಗೆ ಅಂಟಿಸಿದ್ದಳಂತೆ. ಸಂಜೆ ನೋಡಿದರೆ ಅದನ್ನು ಕಿತ್ತು ಹಾಕಲಾಗಿತ್ತು. ಮಾಲೀಕರ ಕಣ್ಣಿಗೆ ಬೀಳಬಾರದು ಅಂತ ಅವನೇ ಕಿತ್ತಿದ್ದ. ಮತ್ತೆ ಅಂಟಿಸಿದಳು, ಅವನು ಮತ್ತೆ ಕಿತ್ತ. ಟೇಪಿನ ತುಂಡು ಮಾತ್ರ ಉಳಿದಿದ್ದ ಆ ಪೆಟ್ಟಿಗೆಯ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ.

ಹೋಗುವಾಗ ತೆಗೆದುಕೊಂಡು ಹೋದದ್ದು ನಗದು 500 ಯೂರೋ, ಮೊದಲೇ ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡಿನಲ್ಲಿ 1,200. ಅಡ್ವಾನ್ಸ್ ಮತ್ತು ಮೊದಲ ಬಾಡಿಗೆಗೇ 990 ಹೋಯಿತು. ಸೆಮಿಸ್ಟರಿನ ಶುಲ್ಕ, ಹಾಸಿಗೆ, ಚಳಿಯ ಜಾಕೆಟ್, ಊಟ ಅಂತ ಉಳಿದದ್ದೂ ಕರಗಿತು. ಪೋಲು ಮಾಡಿದಳು ಅಂತ ಯಾರೂ ಹೇಳುವ ಹಾಗಿಲ್ಲ. ಲೆಕ್ಕ ನಾನೇ ನೋಡಿದ್ದೇನೆ.

ದೀಪಾವಳಿಯ ನಾಲ್ಕು ದಿನ

ಅಕ್ಟೋಬರ್ 31 ಗುರುವಾರ ನರಕಚತುರ್ದಶಿ. ಶುಕ್ರವಾರ ರಾಜ್ಯೋತ್ಸವ. ಶನಿವಾರ ಬಲಿಪಾಡ್ಯಮಿ. ಮರುದಿನ ಭಾನುವಾರ. ಕರ್ನಾಟಕದಲ್ಲಿ ಬ್ಯಾಂಕುಗಳಿಗೆ ಸಾಲಾಗಿ ರಜೆ. ಅವಳಿದ್ದ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದಲ್ಲೂ ನವೆಂಬರ್ 1 ಕ್ರೈಸ್ತರ ಹಬ್ಬದ ರಜೆ. ಇಲ್ಲಿಂದ ಫಾರೆಕ್ಸ್ ಕಾರ್ಡಿಗೆ ದುಡ್ಡು ತುಂಬಿಸುವ ದಾರಿ ಬಂದ್.

ಉಳಿದದ್ದು ಅವಳ ಇಲ್ಲಿನ ಉಳಿತಾಯ ಖಾತೆಯ ಡೆಬಿಟ್ ಕಾರ್ಡು. ಭಾವ ಆ ಖಾತೆಗೆ ಐವತ್ತು ಸಾವಿರ ಹಾಕಿದರು, ಅದು ಎರಡು ನಿಮಿಷದ ಕೆಲಸ. ಆದರೆ ಕಾರ್ಡು ವಿದೇಶದಲ್ಲಿ ನಡೆಯಬೇಕಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ಚಾಲೂ ಇರುತ್ತವೆ. ಹೊರದೇಶದ ಬಳಕೆಯನ್ನು ಗ್ರಾಹಕರೇ ತೆರೆದುಕೊಳ್ಳಬೇಕು. ಅದಕ್ಕೆ ಓಟಿಪಿ ಬೇಕು. ಓಟಿಪಿ ಬರುವ ಸಿಮ್ ಎಲ್ಲಿದೆ? ಹೊಸನಗರದ ಮನೆಯಲ್ಲಿ, ಹಳೇ ಫೋನಿನಲ್ಲಿ. ಅಲ್ಲಿಗೆ ಒಯ್ದರೆ ಸುಮ್ನೆ ರೋಮಿಂಗ್ ಚಾರ್ಜ್ ಬೀಳುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬಿಟ್ಟು ಹೋಗಿದ್ದಳು. ರೋಮಿಂಗಿನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡು ಇಲ್ಲ. ಕರೆ ಎತ್ತಿದರೆ, ಡೇಟಾ ಹಾಕಿದರೆ ಮಾತ್ರ ಬೀಳುವುದು.

ಅಕ್ಕನ ಮನೆಯಲ್ಲಿ ವೈಫೈ ಇದೆ, ಸಿಗ್ನಲ್ ಇಲ್ಲ. ಹಿನ್ನೀರಿನ ಆಚೆಯ ಊರುಗಳ ಪಾಡು ಹೀಗೇ. ವಾಟ್ಸಾಪ್ ಚೆನ್ನಾಗಿ ನಡೆಯುತ್ತದೆ, ಎಸ್ಸೆಮ್ಮೆಸ್ ಬರುವುದಿಲ್ಲ. ಸಿಗ್ನಲ್ ಬೇಕಾದರೆ ತೋಟದ ಮೇಲಿನ ಗುಡ್ಡಕ್ಕೆ ಹತ್ತಬೇಕು. ಹಾಗಾಗಿ ಶುಕ್ರವಾರ ಸಂಜೆ ಒಂದು ವ್ಯವಸ್ಥೆ ಆಯಿತು. ಭಾವ ಹಳೇ ಫೋನು ಹಿಡಿದು ಗುಡ್ಡದ ಮೇಲೆ. ಅಕ್ಕ ಜಗಲಿಯಲ್ಲಿ ಮಗಳ ಜೊತೆ ವಾಟ್ಸಾಪ್ ಕರೆಯಲ್ಲಿ. ಓಟಿಪಿ ಬಂದ ಕೂಡಲೇ ಭಾವ ಕೂ ಹಾಕಿ ಒಂದೊಂದೇ ಅಂಕಿ ಕೂಗುವುದು, ಅಕ್ಕ ಅದನ್ನು ಮಗಳಿಗೆ ದಾಟಿಸುವುದು.

ಮೊದಲ ಮೂರು ಅಂಕಿ ಸರಿಯಾಗೇ ಬಂದವು. ಆಮೇಲೆ ಭಾವ "ಆರು" ಎಂದು ಕೂಗಿದರು. ಅಕ್ಕನಿಗೆ ಅದು "ಯಾರು" ಎಂದು ಕೇಳಿತು. "ಯಾರೂ ಬರ್ಲಿಲ್ಲ!" ಅಂತ ಅಕ್ಕ ತಿರುಗಿ ಕೂಗಿದಳು. ಯಾರು ಬರಬೇಕಿತ್ತು ಎಂದು ಭಾವ ಗೊಂದಲಕ್ಕೆ ಬಿದ್ದರು. ಅಷ್ಟರಲ್ಲಿ ಓಟಿಪಿಯ ಹೊತ್ತು ಮೀರಿತು. ಇನ್ನೊಂದು ತರಿಸಿದರು, ಅದೂ ತಪ್ಪಿತು. ಹೀಗೆ ತಪ್ಪಿ ತಪ್ಪಿ ಬ್ಯಾಂಕಿನವರ ಸೈಟು ಆ ದಿನಕ್ಕೆ ಬಾಗಿಲು ಹಾಕಿಕೊಂಡಿತು. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಬೊಬ್ಬೆ ಹೊಡೆಯುತ್ತಾರಲ್ಲ, ಅವತ್ತು ಇಡೀ ಕೇರಿಗೇ ಕೇಳಿತ್ತು.

ಶನಿವಾರ ಬೆಳಿಗ್ಗೆ ಗೋಪೂಜೆ ಮುಗಿಸಿ ಭಾವ ಆ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ನನ್ನ ಹೆಸರು ಬರೆದು, ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಮಲೆನಾಡಿನಲ್ಲಿ ಇದಕ್ಕಿಂತ ಭರವಸೆಯ ಕೊರಿಯರ್ ಇಲ್ಲ. ಮಧ್ಯಾಹ್ನ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಇಸಕೊಂಡೆ. ನಮ್ಮ ಮನೆಯಲ್ಲಿ ಸಿಗ್ನಲ್‌ಗೆ ಬರ ಇಲ್ಲ. ಗಡಿಯಾರ ನೋಡಿ ಅವಳನ್ನು ಎಬ್ಬಿಸಿದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಅಲ್ಲಿಯವರೆಗೆ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಗಿತ್ತು. ಓಟಿಪಿ ಬಂತು, ಕಾರ್ಡು ತೆರೆಯಿತು. ಅವಳು ಎಟಿಎಂಗೆ ಹೋಗಿ 400 ಯೂರೋ ತೆಗೆದಳು. ಬ್ಯಾಂಕು ಮಾರ್ಕಪ್ ಅಂತ, ಎಟಿಎಂ ಚಾರ್ಜ್ ಅಂತ ಸಾವಿರಕ್ಕೂ ಮೇಲೆ ರೂಪಾಯಿ ಕತ್ತರಿಸಿತು. ಸೋಮವಾರ ಬಾಡಿಗೆ ಕೊಟ್ಟಳು.

ಅಡ್ಡದಾರಿ

ಆ ವಾರವೇ ಅವಳ ಕ್ಲಾಸಿನ ಹುಡುಗನೊಬ್ಬ ಸಹಾಯಕ್ಕೆ ಬಂದ. ನನ್ನ ರೂಮಿನ ವಿಳಾಸ ಹಾಕಿಕೋ, ಚೀಟಿಗೆ ಸಹಿ ಮಾಡಿಸಿ ಕೊಡುತ್ತೇನೆ, ಇರುವುದು ನೀನು ಎಲ್ಲಿ ಬೇಕಾದರೂ ಇರು ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. "ಎಂತ ಮಾಡದು ಮಾವ?" ಅಂತ ಕೇಳಿದಳು. ಬೇಡವೇ ಬೇಡ ಅಂದೆ. ವಾಸ ಇಲ್ಲದ ವಿಳಾಸವನ್ನು ನೋಂದಣಿಗೆ ಒದಗಿಸಿದರೆ ಅಲ್ಲಿನ ಕಾನೂನು 50,000 ಯೂರೋವರೆಗೆ ದಂಡ ಹಾಕಬಹುದು. ಅವನೂ ಸಿಕ್ಕಿಬೀಳುತ್ತಿದ್ದ. ಇವಳು ಮುಂದೆ ವಾಸದ ಪರವಾನಗಿಗೆ ವಿದೇಶಿಯರ ಕಚೇರಿಗೆ ಹೋಗಬೇಕಾದವಳು. ಅದರ ಬುಡದಲ್ಲೇ ಸುಳ್ಳು ಇಟ್ಟುಕೊಂಡು ಹೋಗುವುದು ಯಾರಿಗೆ ಬೇಕು?

ಬದಲಿಗೆ ಎರಡು ಕೆಲಸ ಮಾಡು ಅಂದೆ. ಒಂದು, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುವುದು. ಎರಡು, ವಿದ್ಯಾರ್ಥಿನಿಲಯ ನಡೆಸುವ ಕಚೇರಿಗೆ ದಿನಾ ಮೇಲ್ ಮಾಡುವ ಬದಲು ಒಮ್ಮೆ ಖುದ್ದಾಗಿ ಹೋಗುವುದು. ಅವಳಿಗೆ ನಾಚಿಕೆ. ಕಷ್ಟ ಹೇಳಿಕೊಳ್ಳುವುದು ಅಂದರೆ ನಮ್ಮ ಹುಡುಗರಿಗೆ ಬೇಡುವುದು ಅನ್ನಿಸುತ್ತದೆ. ಆದರೆ ಅಲ್ಲಿ ಅದಕ್ಕೆಂದೇ ಜನ ಕೂತಿರುತ್ತಾರೆ. ಮನೆ ಸಿಗದವರಿಗೆ ಅಂತ ಇಟ್ಟಿದ್ದ ತಾತ್ಕಾಲಿಕ ಹಾಸಿಗೆ ಒಂದು ಸಿಕ್ಕಿತು. ಹತ್ತು ದಿನ ಕಳೆಯುವಷ್ಟರಲ್ಲಿ ರೂಮೇ ಸಿಕ್ಕಿತು. ವೀಸಾ ತಡವಾಗಿ ಯಾರೋ ಬರಲಾಗದೆ ಬಿಟ್ಟುಕೊಟ್ಟ ರೂಮು ಅದು.

ಬೀಗದಕೈ ಜೊತೆಗೇ ಓನರ್ ಚೀಟಿ ಕೊಟ್ಟರು. ಕೇಳುವ ಮೊದಲೇ. ಅಂಚೆಪೆಟ್ಟಿಗೆಗೆ ಹೆಸರೂ ಅವರೇ ಹಾಕಿದರು.

ನೋಂದಣಿಗೆ ಟೈಮ್ ಸಿಗುವುದು ಇನ್ನೊಂದು ಯುದ್ಧ. ಆನ್‌ಲೈನಿನಲ್ಲಿ ಮೂರು ವಾರ ಖಾಲಿ ಇರಲಿಲ್ಲ. ಯಾರಾದರೂ ರದ್ದು ಮಾಡಿದರೆ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಒಂದೆರಡು ಕಾಣಿಸುತ್ತವೆ. ಅವಳಿಗೆ ಆಗ ಕ್ಲಾಸು. ನನಗೆ ಇಲ್ಲಿ ಊಟದ ಹೊತ್ತು. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಮೌಸ್ ಹಿಡಿದು ಆ ಪುಟವನ್ನು ರಿಫ್ರೆಶ್ ಮಾಡುತ್ತಾ ಕೂತೆ. ಸಿಕ್ಕಿತು. ತಡವಾದದ್ದಕ್ಕೆ ಕಚೇರಿಯವರು ಕಾರಣ ಕೇಳಿದರು, ಹೇಳಿದಳು, ದಂಡ ಹಾಕಲಿಲ್ಲ. ಕಾಗದ ಕೈಗೆ ಬಂದ ವಾರದಲ್ಲಿ ಬ್ಯಾಂಕ್ ಖಾತೆ, ಅದರ ಹಿಂದೆಯೇ ಬ್ಲಾಕ್ಡ್ ಅಕೌಂಟಿನ ದುಡ್ಡು.

ಆಮೇಲೆ ಬಂದ ಕಾಗದಗಳು

ನೋಂದಣಿ ಆದ ಮೇಲೆ ಅಂಚೆ ತಾನಾಗೇ ಬರಲು ಶುರುವಾಯಿತು. ಮೊದಲು ತೆರಿಗೆ ಸಂಖ್ಯೆ. ಪಾರ್ಟ್‌ಟೈಮ್ ಕೆಲಸಕ್ಕೆ ಅದು ಬೇಕೇ ಬೇಕು. ಆಮೇಲೆ ರೇಡಿಯೋ ಟೀವಿ ಶುಲ್ಕದ ಪತ್ರ, ತಿಂಗಳಿಗೆ 18.36 ಯೂರೋ. "ನನ್ನ ಹತ್ರ ಟೀವಿನೇ ಇಲ್ಲ" ಅಂತ ಗಾಬರಿಯಾಗಿ ಫೋನ್ ಮಾಡಿದಳು. ಟೀವಿ ಇರಲಿ ಬಿಡಲಿ, ಮನೆಗೊಂದರಂತೆ ಕಟ್ಟಬೇಕು. ಆದರೆ ಹಂಚಿಕೊಂಡ ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು. ಜೊತೆಗಿದ್ದ ಹುಡುಗಿ ಆಗಲೇ ಕಟ್ಟುತ್ತಿದ್ದಳು. ಅವಳ ಸಂಖ್ಯೆ ಬರೆದು ಕಳಿಸಿ, ಪಾಲು ಹಂಚಿಕೊಂಡರು. ಇಂಥ ಪತ್ರವನ್ನು ಓದದೆ ಡ್ರಾಯರಿಗೆ ಹಾಕಿದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಇನ್ನೊಂದು ನನಗೆ ತಮಾಷೆ ಅನ್ನಿಸಿದ್ದು. ಜನವರಿಯಲ್ಲಿ ಅವಳ ಕಿಟಕಿಯ ಮೂಲೆಯಲ್ಲಿ ಕಪ್ಪು ಬೂಷ್ಟು ಬಂತು. ನಾಲ್ಕು ತಿಂಗಳ ಮಳೆಯಲ್ಲಿ ಬೂಷ್ಟಿನ ಜೊತೆಗೇ ಬೆಳೆದ ಹುಡುಗಿ ಇವಳು. ಊರಿನ ಬುದ್ಧಿಯಂತೆ ಬಾಗಿಲು ಕಿಟಕಿ ಭದ್ರ ಹಾಕಿ, ಹೀಟರ್ ಮೇಲೆ ಬಟ್ಟೆ ಒಣಗಿಸಿದ್ದಳು. ನಮ್ಮಲ್ಲಿ ಮಳೆಗಾಲದಲ್ಲಿ ತೇವ ಇರುವುದು ಹೊರಗೆ, ಅದಕ್ಕೇ ಮುಚ್ಚುತ್ತೇವೆ. ಅಲ್ಲಿ ಚಳಿಗಾಲದ ಹೊರಗಿನ ಗಾಳಿಯಲ್ಲಿ ನೀರಿನ ಆವಿ ತೀರಾ ಕಡಿಮೆ. ತೇವ ಹುಟ್ಟುವುದು ಒಳಗೆ: ಉಸಿರು, ಅನ್ನದ ಹಬೆ, ಒದ್ದೆ ಬಟ್ಟೆ. ಅದು ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ. ಹೀಟರ್ ಇಳಿಸಿ, ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದು ಹತ್ತು ನಿಮಿಷ ಗಾಳಿ ಆಡಲು ಬಿಡು ಎಂದು ನಿಲಯದ ಉಸ್ತುವಾರಿಯವರು ಹೇಳಿದರು. ಹಾಗೆ ಮಾಡಿದ ಮೇಲೆ ನಿಂತಿತು. ಮೈನಸ್ ಚಳಿಯಲ್ಲಿ ಕಿಟಕಿ ತೆಗೆಯುತ್ತಾಳೆ ಎಂದು ಕೇಳಿ ಅಕ್ಕ ಮಾತ್ರ ಒಂದು ವಾರ ನಿದ್ದೆ ಮಾಡಲಿಲ್ಲ.

ಇಲ್ಲಿಂದ ಮಾಡಬಹುದಾದದ್ದು

ಈಗ ಹೊರಡುವವರು ಕೇಳಿಕೊಂಡು ಬಂದರೆ ನಾನು ಮೊದಲು ಕೇಳುವುದು ರೂಮಿನ ಬಗ್ಗೆ. ಬಾಡಿಗೆ ಎಷ್ಟು ಅಂತ ಅಲ್ಲ, ಓನರ್ ಚೀಟಿ ಕೊಡುತ್ತಾರಾ ಅಂತ. ಇಲ್ಲ ಅಂದರೆ ನೂರು ಯೂರೋ ಕಡಿಮೆಗೆ ಸಿಕ್ಕರೂ ಅದು ರೂಮಲ್ಲ, ಒಂದೆರಡು ವಾರದ ತಂಗುದಾಣ ಎಂದು ಲೆಕ್ಕ ಹಾಕಿಕೊಳ್ಳಿ ಅನ್ನುತ್ತೇನೆ. ಎರಡನೆಯದು ಸಿಮ್. ಅದು ವಿದ್ಯಾರ್ಥಿಯ ಜೊತೆಗೇ ಹೋಗಬೇಕು, ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ತಪ್ಪದಂತೆ. ಡೆಬಿಟ್ ಕಾರ್ಡಿನ ವಿದೇಶಿ ಬಳಕೆಯನ್ನು ಇಲ್ಲೇ ತೆರೆದು ನೋಡಿಕೊಳ್ಳಬೇಕು. ಅಂದಹಾಗೆ, ಓದಲು ಹೊರದೇಶಕ್ಕೆ ಹೋದವರು ವಿದೇಶಿ ವಿನಿಮಯದ ಫೆಮಾ ಕಾನೂನಿನ ಲೆಕ್ಕದಲ್ಲಿ ಅನಿವಾಸಿಗಳು. ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಓ ಖಾತೆಗೆ ಬದಲಿಸಿಕೊಳ್ಳಬೇಕು. ಹೊರಡುವ ಗಡಿಬಿಡಿಯಲ್ಲಿ ಬಹಳ ಮಂದಿ ಇದನ್ನು ಬಿಟ್ಟೇಬಿಡುತ್ತಾರೆ.

ಕೈಗೆ ಎಷ್ಟು ದುಡ್ಡು ಕೊಡಬೇಕು ಅನ್ನುವುದರಲ್ಲಿ ನನಗೂ ಭಾವನಿಗೂ ಈಗಲೂ ಒಮ್ಮತ ಇಲ್ಲ. ಎರಡು ತಿಂಗಳ ಖರ್ಚು ಮತ್ತು ಅಡ್ವಾನ್ಸ್ ಫಾರೆಕ್ಸ್ ಕಾರ್ಡಿನಲ್ಲಿ ಇರಲೇಬೇಕು ಅನ್ನುವುದು ನನ್ನ ಮಾತು. ಹುಡುಗರ ಕೈಗೆ ಅಷ್ಟು ದುಡ್ಡಾ ಅನ್ನುವುದು ಅವರದು.

ಹಳೆಯ ರೂಮಿನ ಅಡ್ವಾನ್ಸ್ ಪೂರ್ತಿ ಬರಲಿಲ್ಲ. ಮೊದಲೇ ನೋಟೀಸು ಕೊಡದೆ ಬಿಟ್ಟಳು ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಉಳಿದ 330 ಯೂರೋ ಫೆಬ್ರವರಿಯಲ್ಲಿ ಕೊಟ್ಟ. ವಿಶ್ವವಿದ್ಯಾಲಯದ ಉಚಿತ ಕಾನೂನು ಸಲಹೆಯವರ ಹತ್ತಿರ ಹೋಗು, ಅವನ ಹುಳುಕೂ ಇದೆಯಲ್ಲ ಎಂದೆ. ಪರೀಕ್ಷೆ ಹತ್ತಿರ ಇತ್ತು. "ಬಿಡಿ ಮಾವ, ಹೋದ್ರೆ ಹೋಯ್ತು" ಅಂದಳು. ಅವಳು ಬಿಟ್ಟಿದ್ದಾಳೆ. ಭಾವ ಬಿಟ್ಟಿಲ್ಲ, ಭಾನುವಾರದ ಕರೆಯಲ್ಲಿ ಊಟ ಆಯ್ತಾ ಅಂತ ಕೇಳಿದ ಮೇಲೆ ಅವರ ಎರಡನೇ ಪ್ರಶ್ನೆ ಆ ದುಡ್ಡಿನದ್ದೇ.